ಪಾಸ್‌ವರ್ಡ್ ಸರಿ ಇದ್ದರೂ ಯೂನಿವರ್ಸಿಟಿ ಡ್ರೈವ್ ಯಾಕೆ ತೆರೆಯಲ್ಲ?

ನಮಸ್ಕಾರ. ಲ್ಯಾಬ್ ಕಂಪ್ಯೂಟರಿನಲ್ಲಿ ಲಾಗಿನ್ ಆದ ಕೂಡಲೇ ಡಿಪಾರ್ಟ್‌ಮೆಂಟಿನ ಶೇರ್ಡ್ ಡ್ರೈವ್ ತಾನಾಗಿಯೇ ಕಾಣಿಸುತ್ತೆ. ಅದೇ ಯೂಸರ್‌ನೇಮ್, ಅದೇ ಪಾಸ್‌ವರ್ಡ್ ಹಾಕಿ ಸ್ವಂತ ಲ್ಯಾಪ್‌ಟಾಪಿನಿಂದ ಹೋದರೆ ‘ಪಾಸ್‌ವರ್ಡ್ ತಪ್ಪು’ ಅನ್ನುತ್ತೆ. ಇದು ಎಷ್ಟೋ ಜನ ಕೇಳೋ ಪ್ರಶ್ನೆ.

ಕ್ಯಾಂಪಸ್ ಹೊರಗಿದ್ದರೆ ಮೊದಲು ಯೂನಿವರ್ಸಿಟಿಯ ವಿಪಿಎನ್, ಅಂದರೆ ಹೊರಗಿನಿಂದ ಕ್ಯಾಂಪಸ್ ನೆಟ್‌ವರ್ಕಿಗೆ ಸೇರಿಸೋ ಸುರಕ್ಷಿತ ದಾರಿ, ಆನ್ ಮಾಡಿ. ಇಂಥ ಡ್ರೈವ್‌ಗಳು ಸಾಮಾನ್ಯವಾಗಿ ಎಸ್‌ಎಂಬಿ ಅನ್ನೋ ಫೈಲ್ ಹಂಚೋ ಪ್ರೋಟೋಕಾಲಿನಲ್ಲಿ, ಪೋರ್ಟ್ 445ರಲ್ಲಿ ಕೆಲಸ ಮಾಡುತ್ತವೆ. ಪೋರ್ಟ್ ಅಂದರೆ ಕಂಪ್ಯೂಟರಿಗೆ ನೆಟ್‌ವರ್ಕ್ ಸಂಪರ್ಕ ಬರೋ ನಂಬರ್ ಹಾಕಿದ ಬಾಗಿಲು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳೋ ವನ್ನಾಕ್ರೈ ಅನ್ನೋ ಕುತಂತ್ರಾಂಶ ಹರಡಿದ್ದು ಇದೇ ಪೋರ್ಟಿನ ಮೂಲಕ. ಹಾಗಾಗಿ ಇದನ್ನು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಡೋದು ಅಪಾಯ. ವಿಪಿಎನ್ ಕಿರಿಕಿರಿ ಅನ್ನಿಸಿದರೂ ಅಡ್ಡದಾರಿ ಹುಡುಕಬೇಡಿ.

[ಸ್ಕ್ರೀನ್: ಫೈಲ್ ಎಕ್ಸ್‌ಪ್ಲೋರರ್]

ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಆರಿಸಿ. ಫೋಲ್ಡರ್ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು, ಅಂದರೆ ಸರ್ವರಿನಲ್ಲಿ ಹಂಚಿರೋ ಫೋಲ್ಡರಿನ ಹೆಸರು. ಸರ್ವರಿನ ಪೂರ್ತಿ ಹೆಸರು, ಅಂದರೆ ಚುಕ್ಕಿಗಳ ಸಮೇತ ಇರೋದನ್ನೇ ಹಾಕಿ. ಲ್ಯಾಬಿನಲ್ಲಿ ಗಿಡ್ಡ ಹೆಸರು ನಡೆಯುತ್ತೆ, ಯಾಕಂದರೆ ಆ ಕಂಪ್ಯೂಟರಿಗೆ ಬಾಕಿ ಭಾಗವನ್ನು ಸೇರಿಸಿಕೊಳ್ಳೋಕೆ ಹೇಳಿಟ್ಟಿರುತ್ತಾರೆ. ನಿಮ್ಮದಕ್ಕೆ ಹೇಳಿರಲ್ಲ.

ಕೆಳಗೆ ‘ಕನೆಕ್ಟ್ ಯೂಸಿಂಗ್ ಡಿಫರೆಂಟ್ ಕ್ರೆಡೆನ್ಷಿಯಲ್ಸ್’ ಅಂತ ಒಂದು ಟಿಕ್ ಬಾಕ್ಸ್ ಇದೆ. ಅದನ್ನು ಟಿಕ್ ಮಾಡಲೇಬೇಕು. ಮಾಡದಿದ್ದರೆ ನೀವು ಲ್ಯಾಪ್‌ಟಾಪಿಗೆ ಲಾಗಿನ್ ಆದ ಅಕೌಂಟನ್ನೇ ವಿಂಡೋಸ್ ಸದ್ದಿಲ್ಲದೆ ಸರ್ವರಿಗೆ ತೋರಿಸುತ್ತೆ.

ನಮ್ಮ ಪ್ರಶ್ನೆಗೆ ಉತ್ತರ ಇರೋದು ಇಲ್ಲಿಂದ ಮುಂದೆ. ಬರೀ ಯೂಸರ್‌ನೇಮ್ ಹಾಕಿದರೆ ಎಷ್ಟೋ ಸಲ ವಿಂಡೋಸ್ ನಿಮ್ಮ ಲ್ಯಾಪ್‌ಟಾಪಿನ ಹೆಸರನ್ನೇ ಡೊಮೇನ್, ಅಂದರೆ ಆ ಅಕೌಂಟ್ ಯಾವ ಪಟ್ಟಿಗೆ ಸೇರಿದ್ದು ಅನ್ನೋದರ ಹೆಸರು, ಅಂದುಕೊಳ್ಳುತ್ತೆ. ಪಾಸ್‌ವರ್ಡ್ ಬಾಕ್ಸಿನ ಕೆಳಗಿನ ‘ಡೊಮೇನ್’ ಸಾಲಿನಲ್ಲಿ ಇದು ಕಂಡುಬಿಡುತ್ತೆ, ಆದರೆ ಯಾರೂ ಅತ್ತ ನೋಡಲ್ಲ. ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ತಪ್ಪು ಇನಿಷಿಯಲ್ ಹಾಕಿ ಹಾಜರಿ ಕೂಗಿದ ಹಾಗೆ: ಹೆಸರು ಸರಿ, ಕರೆದಿದ್ದು ಮಾತ್ರ ಬೇರೆಯವರನ್ನ. ಆ ಡೊಮೇನಿನಲ್ಲಿ ಅಂಥ ಅಕೌಂಟೇ ಇಲ್ಲದಿದ್ದರೂ ಸರ್ವರ್ ಅದನ್ನು ಬಿಡಿಸಿ ಹೇಳಲ್ಲ. ಯಾವ ಹೆಸರುಗಳು ನಿಜವಾಗಿ ಇವೆ ಅನ್ನೋದು ಹ್ಯಾಕರಿಗೆ ಗೊತ್ತಾಗಬಾರದಲ್ಲ! ಅದಕ್ಕೇ ಎರಡಕ್ಕೂ ಒಂದೇ ಸಂದೇಶ, ‘ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು’.

ಪರಿಹಾರ ಸುಲಭ. ಮೊದಲು ಯೂನಿವರ್ಸಿಟಿಯ ಡೊಮೇನ್ ಹೆಸರು, ಬ್ಯಾಕ್‌ಸ್ಲ್ಯಾಶ್, ಆಮೇಲೆ ಯೂಸರ್‌ನೇಮ್. ಕೆಲವು ಕಡೆ ಯೂಸರ್‌ನೇಮ್, ಅಟ್ ಚಿಹ್ನೆ, ಡೊಮೇನ್ ಅಂತ ಕೊಡಬೇಕು. ಐಟಿ ವಿಭಾಗದ ಸೂಚನೆಯಲ್ಲಿ ಯಾವುದಿದೆಯೋ ಅದನ್ನೇ ಹಾಕಿ. ಊಹಿಸಿ ಊಹಿಸಿ ಹಾಕಿದರೆ ಅಕೌಂಟ್ ಲಾಕ್ ಆಗಬಹುದು.

[ಸ್ಕ್ರೀನ್: ಎರರ್ ಸಂಖ್ಯೆಗಳು]

ಎರರ್ 53 ಬಂದರೆ ಪಾಸ್‌ವರ್ಡ್ ಮುಟ್ಟಬೇಡಿ, ಸರ್ವರೇ ಸಿಕ್ಕಿಲ್ಲ. ವಿಪಿಎನ್, ಸರ್ವರ್ ಹೆಸರು ಎರಡನ್ನೂ ನೋಡಿ. ಎರರ್ 1219 ಅಂದರೆ ಅದೇ ಸರ್ವರಿಗೆ ಇನ್ನೊಂದು ಯೂಸರ್‌ನೇಮಿನಲ್ಲಿ ಆಗಲೇ ಕನೆಕ್ಷನ್ ಇದೆ. ಹಳೆಯದನ್ನು ಡಿಸ್‌ಕನೆಕ್ಟ್ ಮಾಡಿ, ಒಮ್ಮೆ ಸೈನ್ ಔಟ್ ಆಗಿ ಬನ್ನಿ.

ಪಾಸ್‌ವರ್ಡ್ ಬದಲಿಸಿದ ದಿನ ಮರೆಯದೆ ಕಂಟ್ರೋಲ್ ಪ್ಯಾನೆಲ್‌ನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ಗೆ ಹೋಗಿ ಆ ಸರ್ವರಿನ ಹಳೆಯ ನಮೂದನ್ನು ಅಳಿಸಿ. ಇಲ್ಲದಿದ್ದರೆ ವಿಂಡೋಸ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸಿ ಅಕೌಂಟ್ ಲಾಕ್ ಮಾಡಿಸುತ್ತೆ.

ಸಮಯ ಕಮ್ಮಿ, ಉಳಿದದ್ದು ಬೇಗ ಬೇಗ. ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್ ಮತ್ತು ಕೆ ಒತ್ತಿ. ವಿಳಾಸ ಎಸ್‌ಎಂಬಿ, ಕೋಲನ್, ಎರಡು ಫಾರ್ವರ್ಡ್ ಸ್ಲ್ಯಾಶ್‌ನಿಂದ ಶುರು. ಉಬುಂಟು ಫೈಲ್ಸ್‌ನಲ್ಲೂ ವಿಳಾಸ ಅದೇ ರೀತಿ. ವಿಪಿಎನ್ ಮೇಲೆ ದೊಡ್ಡ ಫೈಲನ್ನು ಡ್ರೈವಿನಲ್ಲೇ ತೆರೆದು ಎಡಿಟ್ ಮಾಡಬೇಡಿ. ಕನೆಕ್ಷನ್ ಮಧ್ಯದಲ್ಲಿ ಕಡಿದರೆ ಫೈಲ್ ಕೆಡಬಹುದು, ಜೊತೆಯವರಿಗೆ ‘ಲಾಕ್ ಆಗಿದೆ’ ಅಂತಲೂ ಬರಬಹುದು. ಕಾಪಿ ಮಾಡಿಕೊಂಡು, ಎಡಿಟ್ ಮಾಡಿ, ವಾಪಸ್ ಹಾಕಿ. ಇನ್ನೊಂದು ಮಾತು: ನೆಟ್‌ವರ್ಕ್ ಡ್ರೈವಿನಲ್ಲಿ ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ ನಿಮ್ಮ ರೀಸೈಕಲ್ ಬಿನ್‌ಗೆ ಬರಲ್ಲ. ಕೈತಪ್ಪಿ ಅಳಿಸಿದರೆ ಆ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಿ. ಅಲ್ಲಿ ಖಾಲಿ ಇದ್ದರೆ ತಡಮಾಡದೆ ಐಟಿ ವಿಭಾಗಕ್ಕೆ ಹೇಳಿ, ಹಳೆಯ ಬ್ಯಾಕಪ್ ಅಳಿಸಿಹೋಗೋ ಮುಂಚೆ.