ಅಜ್ಜಿ ಎರಡು ಸಲ ಕಟ್ಟೆ ತಟ್ಟಿ ನೋಡಿದ್ದರು

ಎಲ್ಲರಿಗೂ ನಮಸ್ಕಾರ. ಧಾರವಾಡದ ಮಳೆ ಹಿಡಿದ ಸಂಜೆಯಲ್ಲಿ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಇಂಟೀರಿಯರ್ ಡಿಸೈನ್ ಓದುವ ಮಕ್ಕಳೇ ಜಾಸ್ತಿ ಕಾಣುತ್ತಿದ್ದೀರಿ. "ಮನೆ ಒಳಾಂಗಣ ಡಿಸೈನ್ ಮಾಡುವ ಟಿವಿ ಶೋ ಫೈನಲ್‌ಗೆ ಜಡ್ಜ್ ಆಗಿದ್ದಿರಲ್ಲ, ಅದನ್ನೇ ಹೇಳಿ" ಅಂದರು ಕರೆದವರು. ಹೇಳುತ್ತೇನೆ. ಚಾನೆಲ್ ಹೆಸರು ಮಾತ್ರ ಕೇಳಬೇಡಿ. ಕತೆ ಅವರ ತಪ್ಪಿನದಲ್ಲ, ನನ್ನದು.

ಇಂಥ ಶೋಗಳಲ್ಲಿ ಜಡ್ಜುಗಳು ಏನನ್ನು ನೋಡುತ್ತಾರೆ ಅಂತ ತಿಳಿಯಬೇಕಾದರೆ ಬಹುಮಾನ ಏನು ಅಂತ ನೋಡಿದರೆ ಸಾಕು. ಅಮೆರಿಕದ ಎಚ್‌ಜಿಟಿವಿಯಲ್ಲಿ 2006ರಲ್ಲಿ 'ಡಿಸೈನ್ ಸ್ಟಾರ್' ಶುರುವಾಯಿತು. ಗೆದ್ದವರಿಗೆ ಅದೇ ಚಾನೆಲ್‌ನಲ್ಲಿ ಸ್ವಂತ ಕಾರ್ಯಕ್ರಮ. ಮೊದಲ ಸಲ ಗೆದ್ದ ಡೇವಿಡ್ ಬ್ರಾಮ್‌ಸ್ಟಾಡ್ ಆಮೇಲೆ 'ಕಲರ್ ಸ್ಪ್ಲಾಶ್' ನಡೆಸಿದರು. ಅಂದರೆ ಅಲ್ಲಿ ಕೋಣೆಗೆ ಅರ್ಧ ಮಾರ್ಕ್ಸ್, ಮಾತಿಗೆ ಅರ್ಧ. ಆಸ್ಟ್ರೇಲಿಯಾದ 'ದಿ ಬ್ಲಾಕ್' 2003ರಲ್ಲಿ ಶುರುವಾಯಿತು. ಅಲ್ಲಿ ವಾರವಾರ ಜಡ್ಜುಗಳು ಅಂಕ ಕೊಡುತ್ತಾರೆ ನಿಜ, ಆದರೆ ಕೊನೆಗೆ ಸ್ಪರ್ಧಿಗಳು ಹೊಸದು ಮಾಡಿದ ಮನೆ ಹರಾಜಿಗೆ ಬರುತ್ತದೆ. ಮೊದಲೇ ಗೊತ್ತು ಮಾಡಿದ ಬೆಲೆಗಿಂತ ಯಾರದು ಹೆಚ್ಚು ಮೇಲೆ ಹೋಯಿತೋ ಅವರು ಗೆದ್ದರು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಗೆ ದರ ಬಿದ್ದ ಹಾಗೆ. ಬೆಳೆದವರ ಬೆವರಿಗೆ ಅಲ್ಲಿ ಬೇರೆ ಕಾಲಮ್ ಇಲ್ಲ. ಬಿಬಿಸಿಯ 'ಇಂಟೀರಿಯರ್ ಡಿಸೈನ್ ಮಾಸ್ಟರ್ಸ್'ನಲ್ಲಿ ಗೆದ್ದವರಿಗೆ ದೊಡ್ಡ ಕೆಲಸದ ಗುತ್ತಿಗೆ ಸಿಗುತ್ತದೆ. ಅದಕ್ಕೇ ಸ್ಪರ್ಧಿಗಳ ಕೈಯಲ್ಲಿ ಅಂಗಡಿ, ಹೋಟೆಲ್ ಮಾಡಿಸುತ್ತಾರೆ.

ಜಡ್ಜುಗಳಿಗೂ ಎಲ್ಲ ಕಾಣಲ್ಲ ಬಿಡಿ. 2015ರಲ್ಲಿ 'ಎಲೆನ್ಸ್ ಡಿಸೈನ್ ಚಾಲೆಂಜ್' ಅಂತ ಫರ್ನಿಚರ್ ಸ್ಪರ್ಧೆ ನಡೆಯಿತು. ಗೆದ್ದವರನ್ನು ಘೋಷಿಸಿದ ಮೇಲೆ, ಅವರ ಫರ್ನಿಚರ್ ಬೇರೊಬ್ಬ ಡಿಸೈನರ್ ಮಾಡಿದ್ದನ್ನು ತುಂಬಾ ಹೋಲುತ್ತದೆ ಅಂತ ಗೊತ್ತಾಯಿತು. ಪಟ್ಟ ಎರಡನೆಯವರಾದ ಕೇಟಿ ಸ್ಟೌಟ್‌ಗೆ ಹೋಯಿತು.

ನಮ್ಮ ಶೋದಲ್ಲಿ ಬಹುಮಾನ ಬರೀ ದುಡ್ಡು. ಹಾಗಾಗಿ ನಾವು ಏನನ್ನು ಅಳೆಯುತ್ತಿದ್ದೇವೆ ಅಂತ ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಸ್ಕೋರ್‌ಶೀಟಿನಲ್ಲಿ ಐದು ಕಾಲಮ್: ಬಣ್ಣ, ಬೆಳಕು, ಬಳಕೆ, ಬಜೆಟ್, ಕೊನೆಯದು 'ವಾವ್'. ಹೌದು, ಹಾಗೇ ಬರೆದಿತ್ತು. ಬಾಗಿಲು ತೆರೆದ ತಕ್ಷಣ ನಾವು ವಾವ್ ಅನ್ನಬೇಕು. ನಾನು ಅಂದೆ. "ಮೇಡಂ, ಕಣ್ಣು ಇನ್ನೊಂಚೂರು ಅರಳಲಿ" ಅಂದರು ಡೈರೆಕ್ಟರು. ಮತ್ತೆ ಹೊರಗೆ ಹೋಗಿ ಒಳಗೆ ಬಂದೆ. ಮೂರನೇ ವಾವ್ ಚಲೋ ಬಂತು.

ಫೈನಲಿಗೆ ಮೂವರು. ಮೂರು ಹಳೆ ಮನೆ, ಎಲ್ಲ ಇಲ್ಲೇ ಧಾರವಾಡದ ಆಸುಪಾಸು. ಪಡಸಾಲೆ ಮತ್ತು ಅಡುಗೆಮನೆ ಹೊಸದು ಮಾಡಬೇಕು, ಐದು ದಿನದೊಳಗೆ.

ಒಬ್ಬರು ನವಲಗುಂದದ ಜಮಖಾನಕ್ಕೆ ಗಾಜಿನ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಪಕ್ಕದಲ್ಲಿ ಲಕ್ಕುಂಡಿ ಕಂಬದ ಪಿಒಪಿ ನಕಲು. ಕಂಬದ ಬಗ್ಗೆ ಏನೂ ಹೇಳಲ್ಲ. ಜಮಖಾನದ ಬಗ್ಗೆ ಸಂಕಟವಾಯಿತು. ನಾಲ್ಕು ಮಂದಿ ಕೂತು ಊಟ ಮಾಡುವ ಬಟ್ಟೆ ಅದು.

ಇನ್ನೊಬ್ಬ ಹುಡುಗ ನೆಲದ ಶಹಾಬಾದ್ ಫರಸಿ ಕೀಳಲೇ ಇಲ್ಲ. ತಿಕ್ಕಿಸಿ ಹಾಗೇ ಬಿಟ್ಟ. ಗೋಡೆಯಲ್ಲಿದ್ದ ಹಳೇ ಗೂಡುಗಳನ್ನು ಕೆರೆದು ಸುಣ್ಣ ಹೊಡೆದು, ಒಳಗೆ 3000 ಕೆಲ್ವಿನ್‌ನ ಹಳದಿ ಬಲ್ಬ್ ಇಟ್ಟ. ಕರೆಂಟ್ ಇಲ್ಲದ ಕಾಲದಲ್ಲಿ ಹಣತೆ ಇಡುತ್ತಿದ್ದ ಜಾಗವೇ ಅದು. ಬರಿಗಣ್ಣಿಗೆ ಬಹಳ ಚಂದ. ಆದರೆ ಶೂಟಿಂಗ್‌ನ ದೊಡ್ಡ ಬಿಳಿ ದೀಪ ಹಾಕಿದ್ದೇ ತಡ, ಗೂಡಿನ ಬೆಳಕು ಎಲ್ಲಿ ಹೋಯಿತೋ. ಮಾನಿಟರಿನಲ್ಲಿ ಖಾಲಿ ಗೋಡೆ ಕಂಡಿತು. ಅವನ ವಾವ್ ಅಲ್ಲೇ ಆರಿಹೋಯಿತು.

ಗೆದ್ದದ್ದು ಮೂರನೆಯ ಹುಡುಗಿ. ಬಿಳಿ ಅಡುಗೆಮನೆ, ನಡುವೆ ಒಂದು ಐಲ್ಯಾಂಡ್ ಕಟ್ಟೆ, ಸುತ್ತ ಎತ್ತರದ ಸ್ಟೂಲು. ಅಗಲ ಲೆನ್ಸಿನಲ್ಲಿ ಹತ್ತು ಬೈ ಹನ್ನೆರಡರ ಕೋಣೆ ಕಲ್ಯಾಣ ಮಂಟಪದ ಹಾಗೆ ಕಂಡಿತು. ನಾನು ಸುಮ್ನೆ ಮರುಳಾಗಲಿಲ್ಲ, ಟೇಪ್ ಹಿಡಿದೆ. ಓಡಾಡುವ ಜಾಗ ಮೂರು ಅಡಿ ಇತ್ತು. ಸಿಂಕ್ ಕೆಳಗೆ ಬಗ್ಗಿ ಪ್ಲೈವುಡ್ ಮೇಲಿನ ಸೀಲು ನೋಡಿದೆ: 710, ನೀರಿಗೆ ಜಗ್ಗದ್ದು. ಅಲ್ಲಿ ನೀರಿಗೆ ಅಷ್ಟು ತಡೆಯದ 303 ಪ್ಲೈವುಡ್ ಹಾಕಿ ಕೈತೊಳೆದುಕೊಳ್ಳುವವರೇ ಜಾಸ್ತಿ, ಗೊತ್ತಲ್ಲ. ಐಲ್ಯಾಂಡ್ ಎತ್ತರ 36 ಇಂಚು. ಅದನ್ನೂ ಬರೆದುಕೊಂಡೆ. ಬರೆದುಕೊಂಡೆ, ಅಷ್ಟೇ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಉದ್ದ ಅಗಲ 3:2, ಒಂಬತ್ತು ಗೊತ್ತಾದ ಗಾತ್ರ, ನೂಲಿಗೆ, ಬಣ್ಣಕ್ಕೆ, ಹೊಲಿಗೆಗೆ ಎಲ್ಲಕ್ಕೂ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನಿಯಮ. ಪಾಸು ಇಲ್ಲವೇ ಫೇಲು. ನಾನೂ ಅವತ್ತು ಅಡುಗೆಮನೆಯನ್ನು ಧ್ವಜದ ಹಾಗೆ ಅಳೆದೆ. ಎಲ್ಲ ಅಳತೆಯೂ ಸರಿ ಇತ್ತು.

ಆ ಮನೆಯ ಅಜ್ಜಿ ಕ್ಯಾಮೆರಾ ಮುಂದೆ "ಭಾಳ ಚಲೋ ಆಗೇತ್ರಿ" ಅಂದರು. ಕಟ್ ಅಂದ ಮೇಲೆ ಐಲ್ಯಾಂಡ್ ಹತ್ತಿರ ಹೋಗಿ ಅಂಗೈಯಿಂದ ಎರಡು ಸಲ ತಟ್ಟಿದರು. ತಟ್ಟುವಾಗ ಭುಜ ಮೇಲೆದ್ದಿತು. ಕಲ್ಲು ಎಷ್ಟು ನುಣುಪು ಅಂತ ನೋಡುತ್ತಿದ್ದಾರೆ ಅಂದುಕೊಂಡೆ. ಬಳಕೆ ಕಾಲಮ್‌ನಲ್ಲಿ ಹತ್ತಕ್ಕೆ ಒಂಬತ್ತು ಹಾಕಿದೆ.

ಈಗ ನಾನು ಜ್ಯೂರಿಗೆ ಹೋದರೆ ಮನೆಯವರಿಗೆ ಒಂದು ಕೆಲಸ ಹೇಳುತ್ತೇನೆ. ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತೀರೋ ಅದನ್ನು ಈ ಕೋಣೆಯಲ್ಲಿ ಮಾಡಿ ತೋರಿಸಿ ಅಂತ. ಆಮೇಲೆ ಪೆನ್ನು ಎತ್ತುತ್ತೇನೆ. ವಿದ್ಯಾರ್ಥಿಗಳು ಗೊಣಗುತ್ತಾರೆ, ಹೊತ್ತಾಗುತ್ತದೆ ಅಂತ. ಆಗಲಿ.

ಇದು ಶುರುವಾಗಿದ್ದು ಆ ಮನೆಗೆ ಮತ್ತೊಮ್ಮೆ ಹೋದ ಮೇಲೆ. ಎಂಟು ತಿಂಗಳಾಗಿತ್ತು. ಬಾಗಿಲಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿತು. ಬಿಳಿ ಅಡುಗೆಮನೆ ಲಕಲಕ ಅಂತಿತ್ತು. ಐಲ್ಯಾಂಡ್ ಮೇಲೆ ಮಿಕ್ಸರ್ ಡಬ್ಬ, ಮದುವೆ ಕಾರ್ಡು, ಬಿಪಿ ಮಾತ್ರೆ. ಸದ್ದು ಬರುತ್ತಿದ್ದದ್ದು ಹಿತ್ತಲ ಕೋಣೆಯಿಂದ. ಅಜ್ಜಿ ನೆಲದ ಮೇಲೆ ಕೂತು ಬಡಿಯುತ್ತಿದ್ದರು. ಜೋಳದ ರೊಟ್ಟಿಗೆ ಭುಜದ ಭಾರ ಅಂಗೈಗೆ ಇಳಿಯಬೇಕು. ನಿಂತು ಬಡಿಯುವುದಾದರೆ ಕಟ್ಟೆ ಸೊಂಟಕ್ಕಿಂತ ಕೆಳಗಿರಬೇಕು. ಐದಡಿಗೂ ಕಡಿಮೆ ಇರುವ ಅವರಿಗೆ 36 ಇಂಚು ಎಲ್ಲಿಗೆ ಬಂತು ಲೆಕ್ಕ ಹಾಕಿ.

"ಬಾ ಯವ್ವಾ, ಕುಂಡ್ರು" ಅಂದರು. ನೆಲಕ್ಕೆ ಕೂತೆ. ಎಡಕ್ಕೆ ಹಿಟ್ಟಿನ ಡಬ್ಬಿ, ಬಲಕ್ಕೆ ನೀರಿನ ಚರಿಗೆ, ಮುಂದೆ ಒಲೆ. ಯಾವುದಕ್ಕೂ ಏಳಬೇಕಾಗಿಲ್ಲ. ಕಿಟಕಿಯ ಬೆಳಕು ನೇರ ಕೈ ಮೇಲೆ ಬೀಳುತ್ತಿತ್ತು.

"ಒಳಗಿನ ಅಡಗಿಮನಿ ಚಲೋ ಇಲ್ಲೇನ್ರಿ ಅಜ್ಜಿ?" ಅಂದೆ.

"ಚಂದ ಐತಿ ಯವ್ವಾ. ಮಂದಿ ಬಂದ್ರ ತೋರಸ್ತೀನಿ. ಅವತ್ತ ಅದಕ್ಕ ಎಷ್ಟ ಮಾರ್ಕ್ಸ್ ಕೊಟ್ಟಿದ್ದಿ?"

"ಒಂಬತ್ತು" ಅಂದೆ.

ಅಜ್ಜಿ ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದರು.

"ನೂರಕ್ಕ?" ಅಂದರು.