ಎಲೆ ಹಳದಿ ಆಯ್ತಾ? ಗೊಬ್ಬರದ ಡಬ್ಬಿ ಆಮೇಲೆ ತೆಗೆಯಿರಿ

(ಪರದೆಯಲ್ಲಿ: ಅಕ್ಕಪಕ್ಕ ಎರಡು ಕುಂಡ. ಎಡಗಡೆಯದರಲ್ಲಿ ಬುಡದ ಎಲೆ ಹಳದಿ, ಬಲಗಡೆಯದರಲ್ಲಿ ತುದಿಯ ಚಿಗುರು ಹಳದಿ.)

ನಮಸ್ಕಾರ. ಈ ಎರಡು ಗಿಡ ನೋಡಿ. ಎರಡರಲ್ಲೂ ಎಲೆ ಹಳದಿ. ಯಾರನ್ನು ಕೇಳಿದರೂ "ಗೊಬ್ಬರ ಸಾಲುತ್ತಿಲ್ಲ, ಒಂದು ಚಮಚ ಹಾಕಿ" ಅನ್ನುತ್ತಾರೆ. ಎಡಗಡೆಯ ಗಿಡಕ್ಕೆ ಆ ಮಾತು ಸರಿ ಇರಬಹುದು. ಬಲಗಡೆಯದಕ್ಕೆ ಹಾಕಿದರೆ ಗೊಬ್ಬರವೂ ದಂಡ, ಗಿಡವೂ ಇನ್ನಷ್ಟು ಹಾಳು.

ಕುಂಡದಲ್ಲಿ ಆಹಾರವೇ ಇಲ್ಲದಿರುವುದು ಒಂದು ತೊಂದರೆ. ಆಹಾರ ಇದ್ದೂ ಬೇರಿಗೆ ದಕ್ಕದಿರುವುದು ಇನ್ನೊಂದು. ಮನೆಯೊಳಗಿನ ಗಿಡಗಳಲ್ಲಿ ನನ್ನ ಕಣ್ಣಿಗೆ ಜಾಸ್ತಿ ಬೀಳುವುದು ಎರಡನೆಯದು. ಯಾವ ಗಿಡಕ್ಕೆ ಯಾವ ತೊಂದರೆ ಅಂತ ಪತ್ತೆ ಮಾಡುವುದು ಹೇಗೆ, ಇವತ್ತು ಅದನ್ನೇ ನೋಡೋಣ.

(ಹತ್ತಿರದಿಂದ: ಬೆರಳು ಮಣ್ಣಿಗೆ ಇಳಿಯುತ್ತದೆ.)

ಮೊದಲು ನೀರಿನ ವಿಷಯ ಮುಗಿಸಿಬಿಡೋಣ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ನೀರು ಹಾಕಿ ವಾರವಾದರೂ ಒಳಗೆ ಒದ್ದೆ ಇದೆಯಾ? ಹಾಗಾದರೆ ಗಿಡವನ್ನು ಕುಂಡದಿಂದ ಮೆಲ್ಲಗೆ ಜಾರಿಸಿ ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ, ಹಿಡಿದು ಎಳೆದರೆ ಸಿಪ್ಪೆ ಕಳಚಿ ಬಂದು, ಕೆಟ್ಟ ವಾಸನೆ ಹೊಡೆದರೆ ಅದು ಬೇರು ಕೊಳೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಉಸಿರಾಡದ ಬೇರು ಏನನ್ನೂ ಸರಿಯಾಗಿ ಹೀರಲಾರದು. ಆಗ ಎಲೆಯ ಮೇಲೆ ಸಾರಜನಕದ ಕೊರತೆಯೂ ಕಾಣುತ್ತದೆ, ಕಬ್ಬಿಣದ ಕೊರತೆಯೂ ಕಾಣುತ್ತದೆ. ಅದನ್ನು ನಂಬಿ ಗೊಬ್ಬರ ಸುರಿದರೆ ಗಿಡದ ಕಥೆ ಮುಗಿದಂತೆ.

ಎಲೆ ತಿರುಗಿಸಿ ಅಡಿಭಾಗವನ್ನೂ ನೋಡಿ. ಸೂಜಿಯಿಂದ ಚುಚ್ಚಿದಂಥ ಸಣ್ಣ ಬಿಳಿ ಚುಕ್ಕೆ, ತೆಳ್ಳನೆಯ ಬಲೆ ಇದ್ದರೆ ನುಸಿ ಹತ್ತಿದೆ. ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟಿ. ಉದುರಿದ ಧೂಳು ನಡೆದಾಡಿದರೆ ಇನ್ನು ಅನುಮಾನ ಬೇಡ. ಇನ್ನು, ಬುಡದಲ್ಲಿ ಆಗೊಂದು ಈಗೊಂದು ಎಲೆ ಹಳದಿಯಾಗಿ ಉದುರುತ್ತಿದೆ, ಮೇಲೆ ಹೊಸ ಎಲೆ ಚೆನ್ನಾಗಿ ಬರುತ್ತಿದೆ ಅಂದರೆ ಸುಮ್ನೆ ಬಿಟ್ಟುಬಿಡಿ. ವಯಸ್ಸಾದ ಎಲೆ ಉದುರಲೇಬೇಕಲ್ವಾ?

ಇದ್ಯಾವುದೂ ಅಲ್ಲ ಅಂತಾದರೆ ಎಲೆಯ ಬಣ್ಣಕ್ಕೆ ಬರೋಣ.

(ಗಿಡದ ಚಿತ್ರ. ಬುಡದ ಎಲೆಯಿಂದ ಚಿಗುರಿನ ಕಡೆಗೆ ಬಾಣದ ಗುರುತು.)

ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಜಾಗ. ಹಳದಿ ಶುರುವಾಗಿದ್ದು ಬುಡದಲ್ಲಾ, ತುದಿಯಲ್ಲಾ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ, ಈ ನಾಲ್ಕನ್ನೂ ಗಿಡ ಹಳೆ ಎಲೆಯಿಂದ ಬಿಡಿಸಿ ಹೊಸ ಎಲೆಗೆ ಸಾಗಿಸಬಲ್ಲದು. ಊಟ ಸಾಲದ ದಿನ ಮನೆಯ ಹಿರಿಯರು ತಮ್ಮ ಪಾಲನ್ನು ಮಕ್ಕಳಿಗೆ ಬಡಿಸಿದ ಹಾಗೆ. ಹಾಗಾಗಿ ಇವು ಕಡಿಮೆಯಾದಾಗ ಮೊದಲು ಸೊರಗುವುದು ಬುಡದ ಎಲೆ. ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ. ಒಂದು ಎಲೆಗೆ ಸೇರಿದ ಮೇಲೆ ಅಲ್ಲಿಂದ ಅಷ್ಟಾಗಿ ಕದಲುವುದಿಲ್ಲ. ಬೇರಿನಿಂದ ಹೊಸದಾಗಿ ಬರದೇ ಹೋದರೆ ಪೆಟ್ಟು ಬೀಳುವುದು ಚಿಗುರಿಗೆ.

ಬುಡದ ಎಲೆ ನರವೂ ಸೇರಿ ಇಡಿಯಾಗಿ ಮಂಕಾಗಿ ಹಳದಿಗೆ ತಿರುಗಿದರೆ ಸಾರಜನಕ. ಅಂಚು ಮಾತ್ರ ಸುಟ್ಟಂತೆ ಕಂದಾದರೆ ಪೊಟ್ಯಾಷ್ ಇರಬಹುದು. ರಂಜಕದ ಕೊರತೆಯಲ್ಲಿ ಗಿಡ ಕುಳ್ಳಾಗಿ, ಎಲೆ ಕಡುಹಸಿರಾಗಿ, ಕೆಲವು ಗಿಡಗಳಲ್ಲಿ ನೇರಳೆ ಛಾಯೆ ಬರುತ್ತದೆ. ಆದರೆ ಚಳಿ ತಾಗಿದರೂ ನೇರಳೆ ಬರುತ್ತದೆ, ಕೆಲವು ಜಾತಿಗಳ ಬಣ್ಣವೇ ಅದು. ನೇರಳೆ ಕಂಡ ಕೂಡಲೇ ರಂಜಕ ಅನ್ನಬೇಡಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ.

(ಹತ್ತಿರದಿಂದ: ಎರಡು ಎಲೆ ಬೆಳಕಿಗೆ ಹಿಡಿದು.)

ಈ ಎರಡು ಎಲೆಗಳಲ್ಲೂ ನರ ಹಸಿರು, ನಡುವಿನ ಭಾಗ ಹಳದಿ. ಮೊದಲನೆಯದು ಬುಡದಿಂದ ಕಿತ್ತದ್ದು. ನಡುನರದ ಎರಡೂ ಬದಿ ಸ್ವಲ್ಪ ಅಗಲವಾಗಿ ಹಸಿರು ಉಳಿದಿದೆ, ಅಂಚಿನ ಕಡೆಯಿಂದ ಹಳದಿ ಒಳಗೆ ಬರುತ್ತಿದೆ. ಇದು ಮೆಗ್ನೀಷಿಯಂ. ಎರಡನೆಯದು ತುದಿಯ ಚಿಗುರು. ಬೆಳಕಿಗೆ ಹಿಡಿದರೆ ತೆಳುಹಳದಿ ಬಟ್ಟೆಗೆ ಹಸಿರು ದಾರದಲ್ಲಿ ಜಾಲರಿ ಹೊಲಿದಂತೆ ಕಾಣುತ್ತದೆ. ಅತಿ ಸಣ್ಣ ನರ ಕೂಡ ಬೇರೆಯಾಗಿ ಎದ್ದು ಕಾಣುತ್ತದೆ. ಇದು ಕಬ್ಬಿಣ. ಕೊರತೆ ತೀರಾ ಜಾಸ್ತಿಯಾದರೆ ಚಿಗುರು ಬಿಳಿಚಿಕೊಂಡೇ ಹುಟ್ಟುತ್ತದೆ. ಮ್ಯಾಂಗನೀಸ್ ಕೊರತೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬರಿಗಣ್ಣಿಗೆ ಇವೆರಡನ್ನು ಬೇರೆ ಮಾಡುವುದು ಕಷ್ಟ. ಆದರೆ ಮನೆಯ ಗಿಡಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರಣ ಹೆಚ್ಚಿನ ಸಲ ಎರಡಕ್ಕೂ ಒಂದೇ.

ಅದು ಪಿಎಚ್, ಕನ್ನಡದಲ್ಲಿ ರಸಸಾರ.

(ಪರದೆಯಲ್ಲಿ: 4ರಿಂದ 9ರವರೆಗಿನ ಅಳತೆಪಟ್ಟಿ. 5.5ರಿಂದ 6.5ರ ಭಾಗಕ್ಕೆ ಹಸಿರು.)

ಈ ಅಳತೆಯನ್ನು 1909ರಲ್ಲಿ ತಂದವರು ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸೆನ್. ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯವರು ಕಟ್ಟಿಸಿದ ಪ್ರಯೋಗಾಲಯದಲ್ಲಿ. 7 ಅಂದರೆ ನಡುಮಟ್ಟ, ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಒಂದು ಅಂಕಕ್ಕೆ ಹತ್ತು ಪಟ್ಟು ವ್ಯತ್ಯಾಸ. ಅಂದರೆ 5.5ಕ್ಕೂ 7.5ಕ್ಕೂ ನಡುವೆ ಇರುವುದು ನೂರು ಪಟ್ಟು. "ಬರೀ ಎರಡು ಅಂಕ ತಾನೇ" ಅನ್ನುವ ಹಾಗಿಲ್ಲ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಪೀಟ್ (ಜೌಗು ನೆಲದ ಕೊಳೆತ ಪಾಚಿ) ಹಾಕಿದ ಮಿಶ್ರಣಕ್ಕೆ 5.5ರಿಂದ 6.5 ಚೆನ್ನ. ಮಣ್ಣೇ ಜಾಸ್ತಿ ಇದ್ದರೆ 6ರಿಂದ 7. ಅದಕ್ಕಿಂತ ಮೇಲೆ ಹೋದಂತೆ ಕಬ್ಬಿಣ, ಮ್ಯಾಂಗನೀಸ್, ಸತು ಕರಗದ ರೂಪಕ್ಕೆ ತಿರುಗುತ್ತವೆ. ಮಣ್ಣಿನಲ್ಲೇ ಇರುತ್ತವೆ, ಬೇರಿಗೆ ಸಿಗುವುದಿಲ್ಲ. ತೀರಾ ಕೆಳಗೆ ಇಳಿದರೆ ಉಲ್ಟಾ. ಕಬ್ಬಿಣ, ಮ್ಯಾಂಗನೀಸ್ ಅತಿಯಾಗಿ ಕರಗಿ ವಿಷವಾಗುತ್ತವೆ. ಹಳೆ ಎಲೆಯ ಮೇಲೆ ಕಂದು ಚುಕ್ಕೆ ಏಳುತ್ತದೆ. ಜೆರೇನಿಯಂ, ಚೆಂಡುಹೂವಿನ ಗಿಡಗಳಿಗೆ ಈ ತೊಂದರೆ ಬೇಗ ಬರುತ್ತದೆ.

ಪಿಎಚ್ ತಾನಾಗಿ ಏರುವುದಕ್ಕೆ ದೊಡ್ಡ ಕಾರಣ ನೀವು ಹಾಕುವ ನೀರು. ಗಡಸು ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ. ಪ್ರತಿ ಸಲ ನೀರು ಹಾಕಿದಾಗಲೂ ಚಿಟಿಕೆ ಸುಣ್ಣ ಹಾಕಿದಂತೆಯೇ. ತೋಟದಲ್ಲಾದರೆ ಮಣ್ಣಿನ ರಾಶಿ ದೊಡ್ಡದು, ಮಳೆಯೂ ತೊಳೆಯುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆ ಎಲ್ಲಿಂದ ಬರಬೇಕು? ಹಾಗಂತ ಆರ್‌ಒ ನೀರನ್ನೇ ಹಾಕಿದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಕೊಕೊಪೀಟ್ ಬೇರೆ ಅವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕೊಕೊಪೀಟ್ ಮತ್ತು ಆರ್‌ಒ ನೀರು ಜೊತೆಯಾದರೆ ಈ ಎರಡನ್ನೂ ಗೊಬ್ಬರದಲ್ಲೇ ಕೊಡಬೇಕು.

ಸರಿ, ಅಳೆಯುವುದು ಹೇಗೆ? ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರ್ ಇದೆಯಲ್ಲ, ಅದನ್ನು ನಾನು ನಂಬುವುದಿಲ್ಲ. ಪೆನ್ನಿನಂಥ ಡಿಜಿಟಲ್ ಪಿಎಚ್ ಮೀಟರ್ ವಾಸಿ. ಆದರೆ ಬಳಸುವ ಮೊದಲು ಪಿಎಚ್ ಮೊದಲೇ ಗೊತ್ತಿರುವ, 7 ಮತ್ತು 4ರ ಬಫರ್ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಲೇಬೇಕು. ಗಾಜಿನ ತುದಿ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು. ಅದಕ್ಕೆಂದೇ ಸಿಗುವ ದ್ರಾವಣದಲ್ಲಿ ಇಡಿ. ಜೊತೆಗೆ ಉಪ್ಪಿನಂಶ ತೋರಿಸುವ ಇಸಿ ಮೀಟರ್ ಒಂದಿದ್ದರೆ ಅರ್ಧ ಊಹೆ ತಪ್ಪುತ್ತದೆ.

(ಪರದೆಯಲ್ಲಿ: ಬಲಗಡೆಯ ಕುಂಡ, ಕೆಳಗೆ ತೊಳೆದ ತಟ್ಟೆ.)

ಗಿಡಕ್ಕೆ ಎಂದಿನಂತೆ ಪೂರ್ತಿ ನೀರು ಹಾಕಿ. ಬಸಿದ ನೀರು ಚೆಲ್ಲಿ, ಒಂದು ಗಂಟೆ ಬಿಡಿ. ಆಮೇಲೆ ಕುಂಡದ ಅಡಿಗೆ ಶುಭ್ರವಾದ ತಟ್ಟೆ ಇಟ್ಟು, ಡಿಸ್ಟಿಲ್ಡ್ ನೀರನ್ನು ಮೇಲೆಲ್ಲ ಸಮನಾಗಿ ನಿಧಾನಕ್ಕೆ ಸುರಿಯಿರಿ. ಆರಿಂಚಿನ ಕುಂಡಕ್ಕೆ ಸುಮಾರು 100 ಮಿಲಿ ಸಾಕು. ಕೆಳಗೆ 50 ಮಿಲಿಯಷ್ಟು ಬಂದ ತಕ್ಷಣ ನಿಲ್ಲಿಸಿ. ಈ ನೀರು ಬೇರಿನ ಸುತ್ತ ಇದ್ದದ್ದು. ಹೊಸ ನೀರು ಅದನ್ನು ಕೆಳಗೆ ತಳ್ಳಿದೆ. ಅಳೆಯಬೇಕಾದ್ದು ಇದನ್ನೇ.

ಬಲಗಡೆಯ ಗಿಡದ್ದು ನೋಡಿ: ಪಿಎಚ್ 7.6, ಇಸಿ 1.9 (ಮೀಟರಿನಲ್ಲಿ mS/cm ಲೆಕ್ಕ). ಎಡಗಡೆಯದು: ಪಿಎಚ್ 6.1, ಇಸಿ 0.4. ಮನೆಯೊಳಗಿನ ಎಲೆ ಗಿಡಗಳಿಗೆ ಇಸಿ ಸುಮಾರು 1ರಿಂದ 2 ಇದ್ದರೆ ಆರಾಮ. ಎಡಗಡೆಯ ಗಿಡ ನಿಜವಾಗಿಯೂ ಹಸಿದಿದೆ. ಪಿಎಚ್ ಸರಿ ಇದೆ, ಊಟ ಇಲ್ಲ. ಡಬ್ಬಿಯ ಮೇಲೆ ಬರೆದದ್ದರ ಅರ್ಧದಷ್ಟು ಗೊಬ್ಬರ ನೀರಿಗೆ ಬೆರೆಸಿ ಕೊಡಿ. ಬಲಗಡೆಯದಕ್ಕೆ ಊಟ ಮುಂದೆಯೇ ಇದೆ, ಬಾಯಿಗೆ ಹೋಗುತ್ತಿಲ್ಲ ಅಷ್ಟೇ.

ಅದಕ್ಕೆ ಮಾಡುವುದೇನು? ಹಾಕುವ ನೀರಿಗೆ ಸಿಟ್ರಿಕ್ ಆಸಿಡ್ ಚಿಟಿಕೆ ಚಿಟಿಕೆಯಾಗಿ ಬೆರೆಸುತ್ತಾ, ಅಳೆಯುತ್ತಾ, ಪಿಎಚ್ 6ರ ಹತ್ತಿರ ತನ್ನಿ. ಗೊಬ್ಬರದ ಸರದಿ ಬಂದಾಗ ಅಮೋನಿಯಂ ರೂಪದ ಸಾರಜನಕ ಇರುವುದನ್ನು ಆರಿಸಿ, ಅದು ಪಿಎಚ್ ಇಳಿಸುತ್ತದೆ. ನೈಟ್ರೇಟ್ ಮಾತ್ರ ಇದ್ದರೆ ಏರಿಸುತ್ತದೆ. ಅಷ್ಟರಲ್ಲಿ ಚಿಗುರು ಉಳಿಸಲು ಚೀಲೇಟ್ ಮಾಡಿದ, ಅಂದರೆ ಕರಗಿದ ರೂಪದಲ್ಲೇ ಉಳಿಯುವಂತೆ ಬೇರೊಂದು ವಸ್ತು ಹಿಡಿದಿಟ್ಟ ಕಬ್ಬಿಣ ಕೊಡಬಹುದು, ಆದರೆ ಲೇಬಲ್ ಓದಿ. ಆ ಹಿಡಿದಿಡುವ ವಸ್ತು ಇಡಿಟಿಎ ಅಂತಿದ್ದರೆ ಪಿಎಚ್ 6.5 ದಾಟಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಡಿಟಿಪಿಎ 7ರ ಆಚೆಗೂ ಸ್ವಲ್ಪ ತಡೆಯುತ್ತದೆ. ಈ ಗಿಡಕ್ಕೆ ಬೇಕಾದದ್ದು ಇಡಿಡಿಎಚ್‌ಎ. ನೀರಿಗೆ ಹಾಕಿದರೆ ಕಡುಗೆಂಪಾಗುತ್ತದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ, ಹುಷಾರು.

ಗಂಧಕದ ಪುಡಿಯೂ ಪಿಎಚ್ ಇಳಿಸುತ್ತದೆ. ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಮಾರ್ಪಡಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ. ಸಣ್ಣ ಕುಂಡದಲ್ಲಿ ಅಳತೆ ತಪ್ಪುವುದು ಸುಲಭ, ಹಾಗಾಗಿ ನಾನು ಅದರ ಗೋಜಿಗೆ ಹೋಗುವುದಿಲ್ಲ. ಸೋಸಿ ಉಳಿದ ಕಾಫಿ ಪುಡಿ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅಂತ ಕೇಳಿರುತ್ತೀರಿ. ಹುಳಿಯ ಬಹುಪಾಲು ಕಾಫಿಯ ಜೊತೆಗೇ ಇಳಿದುಹೋಗಿರುತ್ತದೆ. ಪಿಎಚ್ ತೀರಾ ಕೆಳಗಿದ್ದರೆ ಡಾಲೊಮೈಟ್ ಸುಣ್ಣ ಹಾಕಿ. ಪಿಎಚ್ ನಿಧಾನಕ್ಕೆ ಏರುತ್ತದೆ, ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಸಿಗುತ್ತವೆ.

ಮೊಟ್ಟೆ ಸಿಪ್ಪೆಯ ಬಗ್ಗೆಯೂ ಒಂದು ಮಾತು. ಚೂರು ಮಾಡಿ ಹಾಕಿದ ಸಿಪ್ಪೆ ತುಂಬಾ ನಿಧಾನಕ್ಕೆ ಕರಗುತ್ತದೆ. ಅಲ್ಲದೆ ಕ್ಯಾಲ್ಸಿಯಂ ಗಿಡದೊಳಗೆ ಹತ್ತುವುದು ನೀರಿನ ಜೊತೆ. ಗಾಳಿಯಾಡದ, ತೇವ ತುಂಬಿದ ಮೂಲೆಯಲ್ಲಿ ಎಲೆಯಿಂದ ನೀರು ಆರುವುದೇ ಕಡಿಮೆ. ಆಗ ಮಣ್ಣಿನಲ್ಲಿ ಎಷ್ಟೇ ಇದ್ದರೂ ಚಿಗುರು ಸೊಟ್ಟಗೆ ಹುಟ್ಟುತ್ತದೆ, ತುದಿ ಸಾಯುತ್ತದೆ. ಸಣ್ಣ ಫ್ಯಾನ್ ಹಾಕಿ ನೋಡಿ.

(ಹತ್ತಿರದಿಂದ: ಕಂದು ತುದಿಯ ಸ್ಪೈಡರ್ ಪ್ಲಾಂಟ್. ಕುಂಡದ ಅಂಚಿನಲ್ಲಿ ಬಿಳಿ ಪದರ.)

ತುದಿ ಕಂದಾದ ಎಲೆಗಳ ವಿಷಯ ಬೇರೆ. ಕುಂಡದ ಅಂಚಿನಲ್ಲಿ ಹೀಗೆ ಬಿಳಿ ಪದರ ಕಟ್ಟಿ, ಇಸಿ 3 ದಾಟಿದ್ದರೆ ಗೊಬ್ಬರದ ಉಪ್ಪು ಜಾಸ್ತಿಯಾಗಿದೆ. ಕುಂಡದ ಗಾತ್ರದ ಎರಡು ಪಟ್ಟು ನೀರು ನಿಧಾನಕ್ಕೆ ಹರಿಸಿ ತೊಳೆಯಿರಿ, ತಟ್ಟೆಯ ನೀರು ಚೆಲ್ಲಿಬಿಡಿ. ಸ್ಪೈಡರ್ ಪ್ಲಾಂಟ್, ಡ್ರಸೀನಾ ಆದರೆ ಫ್ಲೋರೈಡ್ ಕೂಡ ಕಾರಣ ಇರಬಹುದು. ಕೆಲವು ಕಡೆ ನಲ್ಲಿ ನೀರಿನಲ್ಲೇ ಇರುತ್ತದೆ, ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಇರುತ್ತದೆ. ಮಣ್ಣು ಹುಳಿಯಾದಷ್ಟೂ ಅದು ಬೇರಿಗೆ ಜಾಸ್ತಿ ಸಿಗುತ್ತದೆ. ಈ ಗಿಡಗಳಿಗೆ ಪಿಎಚ್ 6ರ ಮೇಲೇ ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಕೊಡುವ ಲವಣ), ಕಬ್ಬಿಣ, ಹೊಸ ಗೊಬ್ಬರ ಎಲ್ಲ ಒಟ್ಟಿಗೆ ಕೊಟ್ಟರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಕಂದಾಗಿ ಒಣಗಿದ ಜಾಗ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡುತ್ತಾ ಕೂರಬೇಡಿ. ಮುಂದೆ ಬಿಚ್ಚಿಕೊಳ್ಳುವ ಎಲೆ ಹೇಗಿದೆ ನೋಡಿ. ಎರಡು ಮೂರು ವಾರ ಬಿಟ್ಟು ಬಸಿದ ನೀರನ್ನು ಇನ್ನೊಮ್ಮೆ ಅಳೆಯಿರಿ.

ನಿಮ್ಮ ಗಿಡದ ಬಗ್ಗೆ ಕೇಳುವುದಿದ್ದರೆ ಬರೆಯಿರಿ. ಬರೀ "ಎಲೆ ಹಳದಿ" ಅಂದರೆ ನನಗೂ ಹೇಳಲು ಆಗುವುದಿಲ್ಲ. ಹಳದಿ ಬುಡದಲ್ಲಾ ತುದಿಯಲ್ಲಾ, ಕುಂಡದಲ್ಲಿ ಏನು ಮಿಶ್ರಣ ಇದೆ, ಹಾಕುವುದು ನಲ್ಲಿ ನೀರಾ ಆರ್‌ಒ ನೀರಾ, ಕೊನೆಯ ಸಲ ಗೊಬ್ಬರ ಕೊಟ್ಟಿದ್ದು ಯಾವಾಗ, ಇಷ್ಟು ತಿಳಿಸಿ. ಬಸಿದ ನೀರಿನ ಪಿಎಚ್ ಅಳೆದಿದ್ದರೆ ಅದನ್ನೂ ಸೇರಿಸಿ.