'ಬೇಕು' ಬೇರೆ, 'ಹಿತ' ಬೇರೆ

ಎಲ್ಲರಿಗೂ ನಮಸ್ಕಾರ.

ಕುಡಿತ ಬಿಡಲು ಒದ್ದಾಡುವವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. 'ಈಗ ಕುಡಿದರೆ ಏನೂ ಮಜಾ ಇಲ್ಲ. ಆದರೂ ಕುಡೀತೀನಿ.' ಮನೆಯವರಿಗೆ ಇದು ನೆಪದ ಹಾಗೆ ಕೇಳಿಸುತ್ತದೆ. ಮಜಾ ಇಲ್ಲದಿದ್ದರೆ ಬಿಟ್ಟುಬಿಡಬಹುದಲ್ವಾ? ಆದರೆ ಅದು ನೆಪ ಅಲ್ಲ. ಮಿದುಳಿನೊಳಗೆ ನಡೆಯುತ್ತಿರುವುದೂ ಅದೇ.

1954ರಲ್ಲಿ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಎಂಬ ಇಬ್ಬರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಇಲಿಯ ಮಿದುಳಿಗೆ ತೆಳುವಾದ ತಂತಿ ಇಟ್ಟಿದ್ದರು. ಇಲಿ ಮುಂದಿದ್ದ ಹಿಡಿಕೆ ಒತ್ತಿದರೆ ಅಲ್ಲಿಗೆ ಸ್ವಲ್ಪ ವಿದ್ಯುತ್ ಹರಿಯುತ್ತಿತ್ತು. ಇಲಿಗಳು ಗಂಟೆಗೆ ನೂರಾರು ಸಲ ಒತ್ತಿದವು. ಆ ಜಾಗಕ್ಕೆ 'ಸುಖದ ಕೇಂದ್ರ' ಎಂಬ ಹೆಸರು ಬಿತ್ತು. ಆಮೇಲೆ ಮಿದುಳಿನ ಕೋಶಗಳು ಸಂದೇಶ ಸಾಗಿಸಲು ಬಳಸುವ ಡೋಪಮೈನ್ ಎಂಬ ವಸ್ತುವಿಗೂ 'ಸುಖದ ರಾಸಾಯನಿಕ' ಎಂಬ ಹೆಸರು ಅಂಟಿಕೊಂಡಿತು. ನನಗೆ ಈ ಹೆಸರಿನ ಮೇಲೆ ಸ್ವಲ್ಪ ಸಿಟ್ಟಿದೆ.

ಯಾಕೆ ಗೊತ್ತಾ? ಕೆಂಟ್ ಬೆರಿಡ್ಜ್ ಎಂಬ ವಿಜ್ಞಾನಿ ಡೋಪಮೈನ್ ಹೆಚ್ಚುಕಮ್ಮಿ ಇಲ್ಲವಾಗಿಸಿದ ಇಲಿಗಳನ್ನು ಗಮನಿಸಿದರು. ಅವು ಎದ್ದು ಹೋಗಿ ತಿನ್ನುವುದೇ ಇಲ್ಲ. ಮುಂದೆ ಆಹಾರ ಇದ್ದರೂ ಸುಮ್ನೆ ಕೂತಿರುತ್ತವೆ. ಆದರೆ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಎಂದಿನ ಹಾಗೆ ತುಟಿ ನೆಕ್ಕುತ್ತವೆ. ರುಚಿ ಹಾಗೇ ಇದೆ, ಹೋಗಿದ್ದು 'ಬೇಕು' ಅನ್ನುವ ಎಳೆತ. ಚಟದಲ್ಲಿ ಆಗುವುದು ಇದರ ತಿರುವುಮುರುವು. ಹಿತ ಕಮ್ಮಿಯಾಗುತ್ತದೆ, ಎಳೆತ ಜಾಸ್ತಿಯಾಗುತ್ತದೆ.

ಇನ್ನೊಂದು ವಿಷಯ. ವುಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮೈನ್ ಕೋಶಗಳನ್ನು ಅಳೆದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುಂಚೆ ಒಂದು ಗುರುತು ಕಾಣಿಸುವುದು ಅಭ್ಯಾಸವಾದ ಮೇಲೆ ಗುರುತು ಕಂಡ ಕೂಡಲೇ ಚುರುಕಾದವು. ರಸ ಬಂದಾಗ ಏನೂ ಇಲ್ಲ! ಕುಡಿತದಲ್ಲಿ ಆ ಗುರುತು ಯಾವುದು? ಗ್ಲಾಸಿನ ಸದ್ದು, ಸಂಜೆಯ ಆ ಹೊತ್ತು, ಒಬ್ಬ ಗೆಳೆಯನ ಫೋನ್. ಬಾಟಲಿ ಕಾಣುವ ಮೊದಲೇ ಮಿದುಳು ಹೊರಟಾಗಿರುತ್ತದೆ. ತಡೆಯಬೇಕಾದ್ದು ಹಣೆಯ ಹಿಂದಿನ ಮಿದುಳು. ಚಟ ಅದನ್ನೂ ದುರ್ಬಲ ಮಾಡುತ್ತದೆ. ನಿದ್ದೆ ಕೆಟ್ಟಾಗ, ಹಸಿದಾಗ, ಸಿಟ್ಟಿನಲ್ಲಿದ್ದಾಗ ಅದು ಇನ್ನೂ ಸೋಲುತ್ತದೆ.

ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರ ಕತೆ ಇಲ್ಲಿ ನೆನಪಾಗುತ್ತದೆ. ಅಲ್ಲಿ ಅನೇಕರಿಗೆ ಹೆರಾಯಿನ್ ಚಟ ಹತ್ತಿತ್ತು. ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಚಟ ಇದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಸುಮಾರು 5% ಅಷ್ಟೇ. ಕಾರಣ ಒಂದೇ ಅಲ್ಲ. ಆದರೂ ಅಲ್ಲಿನ ಗುರುತುಗಳೆಲ್ಲ ಅಲ್ಲೇ ಉಳಿದವು ಅನ್ನುವುದು ದೊಡ್ಡ ಮಾತು.

ಹಾಗಾಗಿ ಮನಸ್ಸು ಗಟ್ಟಿ ಮಾಡಿಕೋ ಎಂಬ ಬುದ್ಧಿವಾದಕ್ಕಿಂತ ದಾರಿ ಬದಲಿಸು ಎಂಬುದು ಜಾಸ್ತಿ ಕೆಲಸ ಮಾಡುತ್ತದೆ. ಆ ನಂಬರ್ ಅಳಿಸಿ. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಿ. 'ಕರೆ ಬಂದರೆ ಏನು ಹೇಳಲಿ' ಅನ್ನುವುದನ್ನು ಮೊದಲೇ ಬಾಯಿಪಾಠ ಮಾಡಿ. ಕರೆ ಬಂದ ಮೇಲೆ ಯೋಚಿಸಲು ಕೂತರೆ ತಡವಾಯಿತು.

ಗುರುತುಗಳನ್ನೆಲ್ಲ ತಪ್ಪಿಸಲು ಆಗುವುದಿಲ್ಲ, ನಿಜ. ತುಡಿತ ಬಂದೇ ಬರುತ್ತದೆ. ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಅಲೆಗೆ ಹೋಲಿಸಿದರು. ಅದರ ಜೊತೆ ಜಗಳ ಬೇಡ. ದೇಹದಲ್ಲಿ ಎಲ್ಲಿದೆ ನೋಡಿ. ಎದೆಯಲ್ಲಾ, ಗಂಟಲಲ್ಲಾ, ಕೈಯಲ್ಲಾ? ಉಸಿರಾಡುತ್ತಾ ನೋಡುತ್ತಲೇ ಇರಿ. ಅದು ಏರುತ್ತದೆ, ಆಮೇಲೆ ಇಳಿಯುತ್ತದೆ. ಹೆಚ್ಚಿನ ಸಲ ನಿಮಿಷಗಳ ಲೆಕ್ಕ. ಇಡೀ ಜೀವನ ಹೀಗೇ ಇರುತ್ತದೆ ಎಂದು ಆ ಹೊತ್ತಿಗೆ ಅನ್ನಿಸುತ್ತದೆ, ಅದೇ ಮೋಸ.

ಜಾರಿದರೆ? 'ಹೋಯ್ತು ಬಿಡು, ಇನ್ನೇನಿದೆ' ಎಂಬ ಮಾತು ಮೊದಲ ಗ್ಲಾಸಿಗಿಂತ ಅಪಾಯ. ಒಂದು ಗ್ಲಾಸನ್ನು ಒಂದು ತಿಂಗಳಾಗಿ ಮಾಡುವುದು ಆ ಮಾತೇ. ಅದೇ ರಾತ್ರಿ ಯಾರಿಗಾದರೂ ಫೋನ್ ಮಾಡಿ. ಬೈಯದೆ ಕೇಳುವವರನ್ನು ಮೊದಲೇ ಗುರುತಿಸಿಟ್ಟಿರಿ.

ಎರಡು ಎಚ್ಚರಿಕೆ. ದಿನವೂ ತುಂಬಾ ಕುಡಿಯುವವರು ಡಾಕ್ಟರ್ ಇಲ್ಲದೆ ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು ಬರಬಹುದು. ಹೆರಾಯಿನ್‌ನಂಥದ್ದನ್ನು ಕೆಲವು ವಾರ ಬಿಟ್ಟವರು ಹಳೆಯ ಪ್ರಮಾಣ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ದೇಹ ಅದನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಇವೆರಡಕ್ಕೂ ಔಷಧಿಗಳಿವೆ. ಔಷಧಿ ತೆಗೆದುಕೊಂಡು ಬಿಟ್ಟರೆ ಅದು ಬಿಟ್ಟ ಹಾಗಲ್ಲ ಅನ್ನುವವರ ಮಾತು ಕೇಳಬೇಡಿ.

ಕೊನೆಗೆ, ಬಿಟ್ಟ ಮೇಲಿನ ಮಂಕು ತಿಂಗಳುಗಳು. ಊಟ, ಹರಟೆ, ಮಕ್ಕಳ ಆಟ, ಯಾವುದೂ ಮನಸ್ಸಿಗೆ ಹಿಡಿಸುವುದಿಲ್ಲ. 'ಬಿಟ್ಟರೂ ಖುಷಿ ಇಲ್ಲ' ಎಂದು ಅನೇಕರು ಹಿಂತಿರುಗುವುದು ಇಲ್ಲೇ. ಮೆಥಾಂಫೆಟಮೈನ್ ಎಂಬ ಮಾದಕ ವಸ್ತು ಬಿಟ್ಟವರ ಮಿದುಳನ್ನು ನೋರಾ ವೋಲ್ಕೋ ಎಂಬ ವಿಜ್ಞಾನಿಯ ತಂಡ ಸ್ಕ್ಯಾನ್ ಮಾಡಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದವರಲ್ಲಿ ಡೋಪಮೈನ್ ವ್ಯವಸ್ಥೆಯ ಒಂದು ಭಾಗ ಬಹಳ ಮಟ್ಟಿಗೆ ಚೇತರಿಸಿಕೊಂಡಿತ್ತು. ಒಂದು ತಿಂಗಳಲ್ಲಿ ಅಲ್ಲ, ಗಮನಿಸಿ. ಮನೆಯವರು ಮೂರನೇ ವಾರಕ್ಕೇ 'ಇನ್ನೂ ಯಾಕೆ ಮುಖ ಸಪ್ಪಗಿದೆ' ಎಂದು ಕೇಳುತ್ತಾರಲ್ಲ, ಅದಕ್ಕೆ ಇದನ್ನು ಹೇಳಿದೆ.

ಈಗ ನಿಮ್ಮ ಪ್ರಶ್ನೆಗಳು. ಮನೆಯವರು ಮೊದಲು ಕೇಳಲಿ.